ಮುಂದಿನ ವಚನ ನಿನ್ನದು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಟಾರ್ಚ್ ಹೊತ್ತಿಸಲೆಂದು ಜೇಬಿನಿಂದ ಮೊಬೈಲ್ ತೆಗೆದಾಗ ಕಂಡ ಹೊತ್ತು ಅದು. ಆಮೇಲೆ ಬೇರೆ ಯಾವ ಹೊತ್ತೂ ನನ್ನ ತಲೆಯಲ್ಲಿ ಅಷ್ಟು ಗಟ್ಟಿಯಾಗಿ ಕೂತದ್ದಿಲ್ಲ. ಈಗಲೂ ಆಫೀಸಿನ ಗೋಡೆ ಗಡಿಯಾರ ಮೂರು ದಾಟುವಾಗ ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಉಪ್ಪಳದಿಂದ ಒಳಗೆ, ಗುಡ್ಡದ ಕಡೆಗೆ ಬಂದರೆ ನಮ್ಮಲ್ಲಿ ಬಾವಿಗಿಂತ ಸುರಂಗಗಳ ನೀರೇ ಜಾಸ್ತಿ. ಗುಡ್ಡದ ಬದಿಗೆ ಅಡ್ಡಲಾಗಿ, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಅಗಲಕ್ಕೆ ಕೊರೆಯುತ್ತಾ ಹೋಗುತ್ತಾರೆ. ಎಲ್ಲೋ ಒಳಗೆ ಕಲ್ಲು ಬೆವರುತ್ತದೆ; ಆ ನೀರು ನೆಲದ ಮೇಲೆ ಹರಿದು ಬಂದು ಹೊರಗಿನ ಟ್ಯಾಂಕಿಗೆ ಬೀಳುತ್ತದೆ. ಆ ಬೇಸಗೆಯಲ್ಲಿ ನಮ್ಮ ಮನೆಯ ಸುರಂಗದ ನೀರು ಬೆರಳಿನ ದಪ್ಪಕ್ಕೆ ಇಳಿದಿತ್ತು. ಊರಿನ ಅರ್ಧದಷ್ಟು ಸುರಂಗಗಳನ್ನು ಕೊರೆದ ಐತಪ್ಪಣ್ಣ ಒಳಗೆ ಮಣ್ಣು ತೆಗೆಯುತ್ತಿದ್ದರು. ಅವರಿಗೆ ಚಹಾ ಕೊಂಡುಹೋದವನು ನಾನು. ಕೊಟ್ಟು ಬರಬೇಕಿತ್ತು, ಎಲ್ಲಿಯವರೆಗೆ ಆಗಿದೆ ನೋಡೋಣವೆಂದು ಟಾರ್ಚ್ ಹೊತ್ತಿಸಿ ಅವರ ದೀಪಕ್ಕೆ ಅಡ್ಡವಾಗಿ ಬೆನ್ನ ಹಿಂದೆ ನಿಂತೆ. ಅವರು ತಿರುಗಿ ಗದರಿದರು. "ಸ್ವಲ್ಪ ಬದಿಗೆ ನಿಲ್ಲಿ ಮಾರಾಯ್ರೆ, ನಿಮ್ಮ ನೆರಳು ಬೀಳ್ತದೆ." ಹಿಂದೆ ಯಾವಾಗಲೋ ಕೊರೆದು ನೀರು ಸಿಗದೆ ಬಿಟ್ಟ ಒಂದು ಗಿಡ್ಡ ಕವಲು ಪಕ್ಕದಲ್ಲೇ ಇತ್ತು. ನಾನು ಅದರೊಳಗೆ ಸರಿದೆ.

ಮಣ್ಣು ಕುಸಿದ ಸದ್ದು ದೊಡ್ಡದಲ್ಲ. ಗೋಣಿಯಿಂದ ಅಕ್ಕಿ ಸುರಿದ ಹಾಗೆ, ಅಷ್ಟೇ. ಮೊಬೈಲ್ ಕೈಯಿಂದ ಹೋಯಿತು, ಬೆಳಕು ಹೋಯಿತು. ಮೇಲ್ಗಡೆ ಎಲ್ಲೋ ಒಂದು ಸಂದಿಯಿಂದ ಗಾಳಿ ಬರುತ್ತಿತ್ತು. ತಡಕಾಡಿದಾಗ ಮಣ್ಣಿನಿಂದ ಹೊರಗೆ ಚಾಚಿದ ಐತಪ್ಪಣ್ಣನ ಕೈ ಸಿಕ್ಕಿತು. ಅದನ್ನು ಹಿಡಿದುಕೊಂಡೇ ಕೂತಿದ್ದೆ. ಮೊದಲು ಆ ಕೈ ನನ್ನ ಕೈಯನ್ನು ಹಿಡಿದಿತ್ತು. ಆಮೇಲೆ ನಾನೊಬ್ಬನೇ ಹಿಡಿದಿದ್ದೆ. ಊರಿನವರೂ ಫಯರ್ ಫೋರ್ಸ್‌ನವರೂ ಅಗೆದು ನನ್ನನ್ನು ಹೊರಗೆ ಎಳೆದಾಗ ಮನೆಗಳಲ್ಲಿ ದೀಪ ಹಚ್ಚಿ ಆಗಿತ್ತು.

ಆದರೆ ನಾನು ಬರೆಯಲು ಕೂತದ್ದು ಕಳೆದ ತಿಂಗಳು ತೀರಿಕೊಂಡ ನಮ್ಮ ಟೀಚರ ಬಗ್ಗೆ. ಅವರ ಹೆಸರು ಬರೆಯುವುದಿಲ್ಲ. ಹೆಸರು ಅಚ್ಚಾಗುವುದು ಅವರಿಗೆ ಇಷ್ಟವಿರಲಿಲ್ಲ. ನಿವೃತ್ತಿಯ ದಿನ ಹಳೆ ವಿದ್ಯಾರ್ಥಿಗಳು ಅವರ ಫೋಟೋ ಹಾಕಿ ಮಾಡಿಸಿದ ಫ್ಲೆಕ್ಸನ್ನು ಮನೆಗೆ ಒಯ್ದು, ಮುಖ ಕೆಳಗೆ ಮಾಡಿ ಸೌದೆಯ ಮೇಲೆ ಹೊದೆಸಿದ್ದರು. "ಒಳ್ಳೆ ಪ್ಲಾಸ್ಟಿಕ್, ನೀರು ಇಳಿಯುದಿಲ್ಲ" ಎನ್ನುವುದು ಆ ಸನ್ಮಾನದ ಬಗ್ಗೆ ಅವರು ಹೇಳಿದ ಒಂದೇ ಮಾತು.

ನಮ್ಮದು ಸಣ್ಣ ಕ್ರೈಸ್ತ ಸಭೆ. ಮನೆಯಲ್ಲಿ ತುಳು, ದೇವಾಲಯದಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ಟೀಚರ್ ನನಗೆ ನಾಲ್ಕನೆಯ ತರಗತಿಯಲ್ಲಿ ಕನ್ನಡ ಕಲಿಸಿದವರು, ಭಾನುವಾರಗಳಲ್ಲಿ ಸಂಡೇ ಸ್ಕೂಲ್ ಕಲಿಸಿದವರು. ಗಂಡ ಬೇಗ ಹೋಗಿದ್ದರು, ಮಕ್ಕಳಿರಲಿಲ್ಲ. ಬಳೆಗೆ ಯಾವಾಗಲೂ ಎರಡು ಸೇಫ್ಟಿ ಪಿನ್ನುಗಳು ನೇತಾಡುತ್ತಿದ್ದವು. ಮಾತನಾಡುವಾಗ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜುತ್ತಿದ್ದರು, ನಿವೃತ್ತರಾಗಿ ಎಷ್ಟೋ ವರ್ಷವಾದರೂ ಸೀಮೆಸುಣ್ಣದ ಹುಡಿ ಉದುರಿಸುವವರ ಹಾಗೆ. ಸಭಾಪಾಲಕರನ್ನೂ ಬಿಡದೆ ಎಲ್ಲರನ್ನೂ "ಮಾರಾಯ" ಅನ್ನುತ್ತಿದ್ದರು. ಅವರ ಮನೆಯ ಜಗಲಿಯ ಬಲ್ಬು ಮಾತ್ರ ಬೆಳಗಿನವರೆಗೂ ಉರಿಯುತ್ತಿತ್ತು. ಬಸ್ಸಿಗೆ ಎರಡು ರೂಪಾಯಿ ಜಾಸ್ತಿ ಕೊಡಬೇಕೆಂದು ನಡೆದೇ ಹೋಗುವ ಹೆಂಗಸು ಕರೆಂಟು ಮಾತ್ರ ಯಾಕೆ ಹೀಗೆ ಸುರಿಯುತ್ತಾರೆಂದು ಊರಿನವರು ನಗುತ್ತಿದ್ದರು.

ಹೊಸ ವರ್ಷದ ಆರಾಧನೆಯಲ್ಲಿ ನಮ್ಮಲ್ಲಿ ಒಬ್ಬೊಬ್ಬರೂ ಒಂದೊಂದು ಚೀಟಿ ಎತ್ತುವ ಕ್ರಮವುಂಟು. ಅದರಲ್ಲಿ ಸತ್ಯವೇದದ ಒಂದು ವಾಗ್ದಾನದ ವಚನ ಇರುತ್ತದೆ. ಆ ವರ್ಷಕ್ಕೆ ದೇವರು ನಿನಗೆ ಕೊಟ್ಟ ಮಾತು ಅದು ಎಂದು ನಂಬುತ್ತೇವೆ. ಬೇರೆ ಸಭೆಗಳಲ್ಲಿ ಅಚ್ಚು ಹಾಕಿದ ಬಣ್ಣದ ಕಾರ್ಡುಗಳು ಬಂದವು. ನಮ್ಮಲ್ಲಿ ಟೀಚರೇ ಬರೆಯುತ್ತಿದ್ದರು. ವರ್ಷವಿಡೀ ಬಂದ ಮದುವೆ ಕಾಗದಗಳನ್ನು ಸಣ್ಣದಾಗಿ ಕತ್ತರಿಸಿ, ಖಾಲಿ ಬದಿಯಲ್ಲಿ ತಮ್ಮ ದುಂಡು ಅಕ್ಷರದಲ್ಲಿ. ವಚನದ ಹಿಂದೆ ಯಾರದೋ ಮುಹೂರ್ತದ ಅರ್ಧ, ಯಾರದೋ ಚಿಕ್ಕಪ್ಪನ ಹೆಸರಿನ ತುದಿ.

ಆ ವರ್ಷ ನಾನು ಎತ್ತಿದ ಚೀಟಿಯಲ್ಲಿ ಯಾವ ಕೇಡೂ ನನ್ನ ಬಳಿಗೆ ಬಾರದೆಂಬ ಮಾತು ಇತ್ತು. ಸುರಂಗದಿಂದ ನನ್ನನ್ನು ಹೊರಗೆ ತಂದ ಮರುದಿನ ಅಮ್ಮ ಅದನ್ನು ಹುಡುಕಿ ತೆಗೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಬಂದವರೆಲ್ಲ ಅದನ್ನು ಓದಿ ತಲೆಯಾಡಿಸಿದರು. ನಾನು ನೀರು ಕುಡಿಯಲು ಹೋದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು. ಐತಪ್ಪಣ್ಣನಿಗೆ ಯಾರೂ ಚೀಟಿ ಕೊಟ್ಟಿರಲಿಲ್ಲವಲ್ಲ ಎಂದು ಒಮ್ಮೆ ಹೊಳೆದದ್ದೇ, ಆ ಫ್ರಿಜ್ಜನ್ನು ತೆರೆಯುವುದನ್ನೇ ಬಿಟ್ಟೆ.

ಹೆದರಿಕೆ ಹೇಗೆ ಬಂತೆಂದು ಹೇಳುವುದು ಕಷ್ಟ. ಒಮ್ಮೆಲೇ ಬರಲಿಲ್ಲ. ಮೊದಲು ಕೋಣೆಯ ಬಾಗಿಲು ಹಾಕಲು ಆಗದಾಯಿತು. ಆಮೇಲೆ ಹೆಲ್ಮೆಟ್. ಆಮೇಲೆ ಸೊಳ್ಳೆಪರದೆ. ಹೆದ್ದಾರಿ ಅಗಲ ಮಾಡುವ ಕೆಲಸದಲ್ಲಿ ಲಾರಿಯಿಂದ ಮಣ್ಣು ಸುರಿಯುವ ಸದ್ದು ಕೇಳಿ ಉಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ನೆಲಕ್ಕೆ ಕೂತುಬಿಟ್ಟೆ. ಆಫೀಸಿಗೆ ರಜೆ ಹಾಕಿದೆ. ಜಗಲಿಯಲ್ಲಿ, ಲೈಟು ಹಾಕಿಕೊಂಡು, ಕಂಬಕ್ಕೆ ಒರಗಿ ಕೂರುತ್ತಿದ್ದೆ; ಕಣ್ಣು ಮುಚ್ಚಿದರೆ ಅಕ್ಕಿ ಸುರಿದ ಸದ್ದು. ಕೆಲವು ತಿಂಗಳು ಕಳೆದ ಮೇಲೆ ಹೆದರಿಕೆಯೂ ಹೋಗಿ ಏನೂ ಉಳಿಯಲಿಲ್ಲ. ಹಸಿವೂ ಇಲ್ಲ, ಅಳುವೂ ಇಲ್ಲ. ನಾನು ಇರಬೇಕಾದ ಅಗತ್ಯವೇನೆಂದು ಕೇಳಿಕೊಳ್ಳುತ್ತಾ ಗುಡ್ಡದ ತಲೆಯಲ್ಲಿ ಹೋಗಿ ಕೂರುತ್ತಿದ್ದೆ. ಅಮ್ಮ ಸೌದೆ ಹೆಕ್ಕುವ ನೆಪದಲ್ಲಿ ಹಿಂದೆಯೇ ಬರುತ್ತಿದ್ದಳು.

ಸಭೆಯವರು ಒಳ್ಳೆಯವರು. ಅವರು ಮಾಡಿದ ತಪ್ಪು ಒಳ್ಳೆಯವರೇ ಮಾಡುವ ತಪ್ಪು. ದೇವರು ಇವನನ್ನು ಗುಂಡಿಯಿಂದ ಮೇಲಕ್ಕೆತ್ತಿದ್ದಾನೆ, ಇವನು ಸಾಕ್ಷಿ ಹೇಳಬೇಕು ಎಂದು ತೀರ್ಮಾನಿಸಿದರು. ಒಂದು ಭಾನುವಾರ ಸ್ತೋತ್ರದ ಆರಾಧನೆ ಇಟ್ಟು ನನ್ನನ್ನು ಮುಂದಕ್ಕೆ ಕರೆದರು. ಮೈಕಿನ ಎದುರು ನಿಂತೆ. ಎದುರಿಗೆ ನಗುತ್ತಾ ಕಾಯುವ ಮುಖಗಳು. ನನ್ನ ಬಲಗೈ ತಾನಾಗಿ ಮುಚ್ಚಿಕೊಂಡಿತು, ಅದರೊಳಗೆ ಆ ಕೈ ಇದ್ದ ಹಾಗೆ. ಮುಂದಿನ ಬೆಂಚಿನಲ್ಲಿದ್ದ ಸಿಮೆಂಟ್ ಅಂಗಡಿಯ ಹಿರಿಯರು "ಹೇಳು, ಹೇಳು, ಹೆದರ್ಬೇಡ" ಎಂದು ಪಿಸುಗುಟ್ಟಿದರು.

ಆಗ ಹೆಂಗಸರ ಬದಿಯಿಂದ ಟೀಚರ ಸ್ವರ ಎದ್ದಿತು. ಯಾರೂ ಹೇಳದೆ, ನಂಬರು ಕೂಗದೆ, ಒಂದು ಹಾಡು ಶುರು ಮಾಡಿದ್ದರು. ಅವರು ಹಾಡು ಎತ್ತಿದರೆ ಯಾವಾಗಲೂ ಪಾತಾಳದ ಶ್ರುತಿ. ಅವರಿಗೆ ಹಾಡು ಎತ್ತಲು ಬಿಡಬಾರದೆಂದು ಸಭೆಯಲ್ಲಿ ಒಳಗಿಂದೊಳಗೆ ಒಪ್ಪಂದವೇ ಇತ್ತು. ಆದರೆ ಹಾಡು ಎದ್ದ ಮೇಲೆ ಸಭೆ ಸುಮ್ಮನಿರುವ ಹಾಗಿಲ್ಲ. ಎಲ್ಲರೂ ಎದ್ದು ನಿಂತು, ಗಂಟಲು ಕೆಳಗೆ ಒತ್ತಿ ಹಾಡಬೇಕಾಯಿತು. ಆ ಗದ್ದಲದಲ್ಲಿ ನಾನು ಇಳಿದು ಬಂದು ಹೊರಗೆ ಹೋದೆ. ಆಮೇಲೆ ಹಿರಿಯರು ಅವರನ್ನು ಕೇಳಿದರಂತೆ, ಇದೆಂತ ಟೀಚರೇ, ನಡುವಲ್ಲಿ ಎಂದು. "ಬಾಯಿಗೆ ಬಂತು ಮಾರಾಯ" ಅಂದರಂತೆ ಇವರು.

ಮರುದಿನ ಸಂಜೆ ಕೊಡೆ ಊರಿಕೊಂಡು ನಮ್ಮ ಜಗಲಿಗೆ ಬಂದರು. ಕೈಯಲ್ಲಿ ಗಂಜಿಯ ತೂಕುಪಾತ್ರೆ, ಕಂಕುಳಲ್ಲಿ ಸತ್ಯವೇದ. ಹೇಗಿದ್ದಿ ಎಂದು ಕೇಳಲಿಲ್ಲ. ಗಂಜಿ ಬಡಿಸಿ ಎದುರಿಗೆ ಕೂತರು. ಎಷ್ಟೋ ಹೊತ್ತಿನ ಮೇಲೆ ನಾನೇ ಹೇಳಿದೆ, ನಾನು ಬದುಕಿ ಬರಬಾರದಿತ್ತು ಅಂತ ಅನಿಸುತ್ತದೆ ಎಂದು. ಅಮ್ಮನಿಗೂ ಹೇಳದ ಮಾತು ಅದು. ಅವರು ಬೆಚ್ಚಲಿಲ್ಲ.

"ಎಲೀಯನೂ ಅದನ್ನೇ ಹೇಳಿದ್ದು" ಅಂದರು. "ಕಾಡಲ್ಲಿ ಒಂದು ಗಿಡದ ಅಡಿಯಲ್ಲಿ ಬಿದ್ದುಕೊಂಡು, ಸಾಕು ದೇವರೇ, ನನ್ನನ್ನು ತೆಗೆ ಅಂತ. ಅಷ್ಟು ದೊಡ್ಡ ಪ್ರವಾದಿ. ಆಗ ದೇವದೂತ ಬಂದು ಎಂತ ಮಾಡಿದ ಗೊತ್ತುಂಟಾ? ಉಪದೇಶ ಮಾಡ್ಲಿಲ್ಲ ಮಾರಾಯ. ರೊಟ್ಟಿ ಕೊಟ್ಟ. ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಬಂದು ರೊಟ್ಟಿಯೇ ಕೊಟ್ಟದ್ದು. ಮಾತೆಲ್ಲ ಆಮೇಲೆ." ಗಂಜಿಯ ಕಡೆ ಕೈ ತೋರಿಸಿದರು. "ಉಪ್ಪಿನಕಾಯಿ ಬೇಕಾ?"

ಹೋಗುವಾಗ ಅಮ್ಮನನ್ನು ಬದಿಗೆ ಕರೆದು, ಇವನನ್ನು ಒಬ್ಬನೇ ಬಿಡಬೇಡ ಎಂದೂ, ವಾರದೊಳಗೆ ಡಾಕ್ಟರಲ್ಲಿಗೆ ಕರೆದುಕೊಂಡು ಹೋಗಬೇಕೆಂದೂ ಹೇಳಿದರು. ಪ್ರಾರ್ಥನೆ ಮಾಡುವವರಿಗೆ ತಲೆಯ ಮಾತ್ರೆ ಯಾಕೆ, ಜನ ಏನೆನ್ನುತ್ತಾರೆ ಎಂದು ಅಮ್ಮ ಹಿಂಜರಿದಳು. ಟೀಚರ್ ತಮ್ಮ ಚೀಲದಿಂದ ಒಂದು ಮಾತ್ರೆಯ ಪಟ್ಟಿ ತೆಗೆದು ತೋರಿಸಿದರು. ಎಷ್ಟೋ ವರ್ಷ ತಾನೂ ತೆಗೆದುಕೊಂಡವಳು, ಈಗಲೂ ಬೇಕಾಗುತ್ತದೆ, ಅದನ್ನು ಮಾಡಿದವನ ಬುದ್ಧಿಯೂ ದೇವರು ಕೊಟ್ಟದ್ದೇ ಎಂದರು. ಕಾಸರಗೋಡಿನ ಡಾಕ್ಟರಲ್ಲಿಗೆ ನಮ್ಮ ಜೊತೆ ಅವರೂ ಬಂದರು. ಕಾಯುವ ಬೆಂಚಿನಲ್ಲಿ ಪರಿಚಯದವರು ಸಿಕ್ಕಿ ಎಂತ ಟೀಚರೇ ಇಲ್ಲಿ ಎಂದಾಗ, ಎಲ್ಲರಿಗೂ ಕೇಳುವ ಹಾಗೆ "ನನ್ನ ತಲೆ ತೋರಿಸ್ಲಿಕ್ಕೆ" ಎಂದರು.

ನಮ್ಮ ಆರಾಧನೆಯಲ್ಲಿ ಸತ್ಯವೇದದ ಕೀರ್ತನೆಯನ್ನು ಬದಲು ಬದಲಾಗಿ ಓದುತ್ತಾರೆ. ಒಂದು ವಚನ ಸಭಾಪಾಲಕರು, ಮುಂದಿನದು ಸಭೆ. ಟೀಚರ್ ಸಂಜೆಗಳಲ್ಲಿ ನನ್ನೊಡನೆ ಓದಲು ಆರಿಸಿಕೊಂಡದ್ದು ಅದೇ ಕ್ರಮ. ಒಂದು ವಚನ ಓದುತ್ತಾರೆ, ಪುಸ್ತಕ ನನ್ನ ಕಡೆ ತಿರುಗಿಸುತ್ತಾರೆ. "ಮುಂದಿನ ವಚನ ನಿನ್ನದು." ನಾನು ಓದುವುದಿಲ್ಲ. ಅವರು ಕಾಯುತ್ತಾರೆ. ಮರದಿಂದ ಎಲೆ ಬೀಳುತ್ತದೆ, ಅಮ್ಮ ಒಳಗೆ ಪಾತ್ರೆ ಸರಿಸುತ್ತಾಳೆ. ಕೊನೆಗೆ ಪುಸ್ತಕ ಮುಚ್ಚಿ, ಕೊಡೆ ತೆಗೆದುಕೊಂಡು ಹೋಗುತ್ತಾರೆ. ನನ್ನ ವಚನವನ್ನು ಅವರು ಓದುವುದಿಲ್ಲ. ಮರುದಿನ ಬಂದು ಮತ್ತೆ ಅದೇ ಮೊದಲ ವಚನ, ಮತ್ತೆ ಅದೇ ಕಾಯುವಿಕೆ. ಹೀಗೆ ಆ ಮಳೆಗಾಲದ ದೊಡ್ಡ ಪಾಲು ಹೋಯಿತು.

ಓದುತ್ತಿದ್ದ ಕೀರ್ತನೆ ಯಾವುದೆಂದು ನಾನು ಗಮನಿಸಿಯೇ ಇರಲಿಲ್ಲ. ಬಂದವರೆಲ್ಲ ಕುರುಬ, ಹುಲ್ಲುಗಾವಲು, ಕೋಟೆ, ಬಂಡೆ ಎಂದು ಓದಿ ಹೋಗಿದ್ದರಿಂದ ಇದೂ ಅಂಥದ್ದೇ ಎಂದುಕೊಂಡಿದ್ದೆ. ಒಂದು ಸಂಜೆ ಕಣ್ಣು ಪುಟದ ಮೇಲೆ ಬಿತ್ತು. ಗುಂಡಿಯೊಳಗೆ ಇಳಿದವನೊಬ್ಬನ ಮೊರೆ ಅದು. ಸತ್ತವರ ಜೊತೆ ಎಣಿಸಲ್ಪಟ್ಟವನು, ದೇವರ ಕೋಪದ ಭಾರ ಮೇಲಿರುವವನು, ಗೆಳೆಯರಿಲ್ಲದವನು. ನಾನು ಕೊನೆಯವರೆಗೆ ಕಣ್ಣಾಡಿಸಿದೆ. ಎಲ್ಲಾದರೂ ಬೆಳಕು ಬರುತ್ತದೆ ಎಂದು ನೋಡಿದೆ. ಬರಲಿಲ್ಲ. ಕೊನೆಯ ಮಾತು ಕತ್ತಲೆಯೇ.

"ಇದು ಇಷ್ಟಕ್ಕೇ ಮುಗಿಯುತ್ತದಾ?" ಎಂದು ಕೇಳಿದೆ.

"ಇಷ್ಟಕ್ಕೇ. ಬೇರೆ ಎಲ್ಲ ಕೀರ್ತನೆಯಲ್ಲಿ ಕಡೆಗೆ ಸ್ವಲ್ಪ ಬೆಳಕು ಉಂಟು. ಇದರಲ್ಲಿ ಇಲ್ಲ."

"ಮತ್ತೆ ಇದನ್ನು ಯಾಕೆ ಇಟ್ಟಿದ್ದಾರೆ?"

ಅವರು ಬೆರಳು ಉಜ್ಜಿಕೊಂಡರು. "ನನಗೂ ಗೊತ್ತಿರ್ಲಿಲ್ಲ. ಒಂದು ಮಾತ್ರ ಉಂಟು. ಇವನಿಗೆ ಬೆಳಕು ಕಾಣ್ಲಿಲ್ಲ, ಆದ್ರೂ ಕತ್ತಲಲ್ಲೇ ಕೂತು ದೇವರ ಹತ್ತಿರವೇ ಜಗಳ ಮಾಡಿದ. ಅದನ್ನೂ ದೇವರು ತನ್ನ ಪುಸ್ತಕಕ್ಕೆ ಸೇರಿಸಿಕೊಂಡ. ಹಾಗಾದ್ರೆ ನೀನು ಕೂತಿರುವ ಜಾಗವೂ ಪುಸ್ತಕದ ಒಳಗೇ ಉಂಟಲ್ವಾ."

ಆ ದಿನ ನಾನು ನನ್ನ ವಚನ ಓದಿದೆ. ಸ್ವರ ನನ್ನದೇ ಎಂದು ಗುರುತು ಸಿಗಲಿಲ್ಲ. ಅವರು ಹೊಗಳಲಿಲ್ಲ, ಸ್ತೋತ್ರ ಎನ್ನಲಿಲ್ಲ. ಅದರ ಮುಂದಿನದನ್ನು ಓದಿ ಪುಸ್ತಕವನ್ನು ಮತ್ತೆ ನನ್ನ ಕಡೆ ತಿರುಗಿಸಿದರು. ಒಳಗೆ ಪಾತ್ರೆಯ ಸದ್ದು ನಿಂತಿತ್ತು.

ಆಮೇಲೆ ಐತಪ್ಪಣ್ಣನಿಗೆ ಚೀಟಿ ಯಾಕಿರಲಿಲ್ಲ ಎಂದು ಕೇಳಿಯೇಬಿಟ್ಟೆ. ಆ ಚೀಟಿ ಬರೆದ ಕೈ ಅವರದೇ ಅಲ್ಲವೇ. ಅವರು ತನಗೆ ಗೊತ್ತಿಲ್ಲ, ಗೊತ್ತುಂಟು ಅನ್ನುವವರ ಮಾತನ್ನು ನಂಬಬೇಡ ಎಂದರು. ಮರುದಿನ ಬಂದವರು ಕೂರಲಿಲ್ಲ. ಅಂಗಿ ಹಾಕಿಕೋ, ಅವನ ಮನೆಗೆ ಹೋಗುವ ಎಂದರು.

ಐತಪ್ಪಣ್ಣನ ಹೆಂಡತಿ ಗಿರಿಜಕ್ಕ ಅಂಗಳದಲ್ಲಿ ಬೀಡಿ ಎಲೆ ಕತ್ತರಿಸುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ನಾವು ಮೂವರೂ ಮಾತಾಡಿದ್ದು ತುಳುವಿನಲ್ಲಿ. ಅವರು ಕೇಳಿದ್ದು ಒಂದೇ: "ಕಡೆಗೆ ಅವರು ಎಂತ ಹೇಳಿದ್ರು?" ದೊಡ್ಡ ಮಾತೇನಾದರೂ ಇರಬೇಕಿತ್ತೆಂದು ನನಗೂ ಅನಿಸಿತು. ಇದ್ದದ್ದನ್ನೇ ಹೇಳಿದೆ. ಬದಿಗೆ ನಿಲ್ಲಿ, ನೆರಳು ಬೀಳುತ್ತದೆ ಎಂದು ಗದರಿದರು. ನಾನು ಸರಿದೆ, ಹಾಗಾಗಿ ಉಳಿದೆ.

ಗಿರಿಜಕ್ಕ ನಕ್ಕುಬಿಟ್ಟರು. "ಮನೆಯಲ್ಲೂ ಅದೇ. ಊಟಕ್ಕೆ ಕೂತರೂ ಬೆಳಕಿಗೆ ಅಡ್ಡ ನಿಲ್ಬೇಡ, ಬೆಳಕಿಗೆ ಅಡ್ಡ ನಿಲ್ಬೇಡ ಅಂತ." ನಗು ಅಲ್ಲಿಗೇ ನಿಂತು ಅಳು ಬಂತು. ಟೀಚರ್ ಅವರ ಪಕ್ಕದಲ್ಲಿ ಕೂತು, ಕತ್ತರಿ ತೆಗೆದುಕೊಂಡು ಎಲೆ ಕತ್ತರಿಸತೊಡಗಿದರು. ಅಷ್ಟು ಸಲೀಸಾಗಿ ಕತ್ತರಿಸುವುದನ್ನು ನೋಡಿ ದಾರಿಯಲ್ಲಿ ಬರುವಾಗ ಕೇಳಿದೆ, ಎಲ್ಲಿ ಕಲಿತದ್ದು ಎಂದು.

ಆಗ ಹೇಳಿದರು. ಮದುವೆಯಾದ ಹೊಸತರಲ್ಲಿ ಅವರಿಗೊಂದು ಮಗು ಹುಟ್ಟಿ, ಹೆಸರಿಡುವ ಮೊದಲೇ ಹೋಗಿತ್ತು. ಅದರ ನಂತರ ಗೋಡೆಗೆ ಮುಖ ಮಾಡಿ ಮಲಗಿದವರು ಏಳಲಿಲ್ಲ. ಕತ್ತಲಾದರೆ ಮಗು ಅಳುವುದು ಕೇಳುತ್ತಿತ್ತು. ಸಭೆಯಲ್ಲಿ ಬೀಡಿ ಕಟ್ಟುವ ಒಬ್ಬ ಅಜ್ಜಿ ಇದ್ದರು. ಓದಲು ಬಾರದು, ಕೀರ್ತನೆಗಳು ಬಾಯಿಪಾಠ. ದಿನಾ ಬಂದು ಪಕ್ಕದಲ್ಲಿ ಕೂತು ಬೀಡಿ ಸುತ್ತುತ್ತಾ ಒಂದು ವಚನ ಹೇಳಿ ನಿಲ್ಲಿಸುತ್ತಿದ್ದರಂತೆ. ಇವರು ಉತ್ತರಿಸುವವರೆಗೆ ಕಾಯುತ್ತಿದ್ದರಂತೆ. "ಅವರು ಎಲೆ ನೋಡ್ತಿದ್ರು, ನಾನು ಗೋಡೆ ನೋಡ್ತಿದ್ದೆ" ಎಂದರು. ಹೆದರಿಕೆ ಪೂರ್ತಿ ಹೋಯಿತಾ ಎಂದು ಕೇಳಿದೆ. "ಎಲ್ಲಿ? ಜಗಲಿಯ ಲೈಟು ನೋಡುದಿಲ್ವಾ ನೀನು?"

ಮುಂದಿನ ಹೊಸ ವರ್ಷದ ಚೀಟಿಗಳು ಸಭೆಯಲ್ಲಿ ದೊಡ್ಡ ಗಲಾಟೆಗೆ ಕಾರಣವಾದವು. ಟೀಚರ್ ಮೊರೆಯ ವಚನಗಳನ್ನೂ ನಡುನಡುವೆ ಬೆರೆಸಿದ್ದರು. ಕಣ್ಣೀರೇ ಊಟವಾಯಿತು ಎಂಬ ಮಾತು ಸಿಮೆಂಟ್ ಅಂಗಡಿಯ ಹಿರಿಯರ ಕೈಗೇ ಬಂತು. ಹೊಸ ಗೋಡೌನ್ ತೆರೆಯುವ ವರ್ಷ, ಹೀಗೊಂದು ವಾಗ್ದಾನವೇ, ಬೇರೆ ಎತ್ತಬಹುದೇ ಎಂದು ಅವರು ಸಭಾಪಾಲಕರ ಹಿಂದೆ ಓಡಾಡಿದರು. ಇನ್ನು ಮುಂದೆ ಅಚ್ಚು ಹಾಕಿದ ಕಾರ್ಡು ತರಿಸುವುದೆಂದು ಕಮಿಟಿಯಲ್ಲಿ ತೀರ್ಮಾನವಾಯಿತು. ಆ ಬೇಸಗೆಯಲ್ಲಿ ಹಿರಿಯರ ಹೆಂಡತಿ ತೀರಿಕೊಂಡಾಗ ಅವರ ಜಗಲಿಯಲ್ಲಿ ಸಂಜೆ ಹೊತ್ತು ಟೀಚರ ಕೊಡೆ ಒರಗಿಸಿಟ್ಟದ್ದನ್ನು ನಾನು ನೋಡಿದೆ.

ಅಷ್ಟರಲ್ಲಿ ನಾನು ಕೆಲಸಕ್ಕೆ ಹೋಗುತ್ತಿದ್ದೆ, ಊಟ ಮಾಡುತ್ತಿದ್ದೆ, ಭಾನುವಾರ ದೇವಾಲಯದಲ್ಲಿ ಬಾಗಿಲಿನ ಹತ್ತಿರದ ಬೆಂಚಿನಲ್ಲಿ ಕೂರುತ್ತಿದ್ದೆ. ನಿದ್ದೆ ಮಾತ್ರ ಚೂರುಚೂರು, ಅದೂ ಲೈಟು ಉರಿಯುತ್ತಿದ್ದರೆ. ಯಾರ ಸಮಾಧಿಯ ಹತ್ತಿರವೂ ಹೋಗಲಾಗುತ್ತಿರಲಿಲ್ಲ. ನಮ್ಮಲ್ಲಿ ಪೆಟ್ಟಿಗೆಯನ್ನು ಗುಂಡಿಗೆ ಇಳಿಸಿದ ಮೇಲೆ ಒಬ್ಬೊಬ್ಬರೂ ಒಂದೊಂದು ಹಿಡಿ ಮಣ್ಣು ಹಾಕಬೇಕು. ಮಣ್ಣು ಮರದ ಮೇಲೆ ಬೀಳುವಾಗ ಬರುವುದು ಅದೇ ಸದ್ದು. ಹಿರಿಯರ ಹೆಂಡತಿಯ ಶವಸಂಸ್ಕಾರದ ದಿನ ನಾನು ಗೇಟಿನ ಹೊರಗೆ ಬೈಕುಗಳ ನಡುವೆ, ಕಿವಿ ಮುಚ್ಚಿಕೊಂಡು ನಿಂತಿದ್ದೆ. ಟೀಚರ್ ಒಳಗಿನಿಂದ ಬಂದು ನನ್ನ ತಲೆಯ ಮೇಲೂ ಕೊಡೆ ಹಿಡಿದರು. ಎಲ್ಲ ಮುಗಿಯುವವರೆಗೆ ಹಾಗೇ ನಿಂತಿದ್ದರು. ಹೊರಡುವಾಗ ಹೇಳಿದರು:

"ನಾನು ಹೋದಾಗ ಎಲ್ಲರೂ ಹೂ ತರ್ತಾರೆ. ನೀನು ಹೂ ತರ್ಬೇಡ. ಮಣ್ಣು ಹಾಕು."

ಆಗುವುದಿಲ್ಲ ಟೀಚರ್ ಎಂದೆ.

"ಈಗ ಆಗ್ಬೇಕು ಅಂತ ಇಲ್ಲ. ನಾನು ಸತ್ತ ಮೇಲೆ ಆದ್ರೆ ಸಾಕು."

ಕಾಯಿಲೆ ಬಿದ್ದು ಅವರು ಮಲಗಿದ್ದು ಹೆಚ್ಚು ದಿನವಲ್ಲ. ಕಡೆಯ ವಾರ ಮಾತು ನಿಂತಿತ್ತು. ನಾನು ಸಂಜೆ ಹೋಗಿ, ಮಂಚದ ಬಳಿ ಕೂತು, ಅದೇ ಕೀರ್ತನೆ ತೆಗೆದು ಒಂದು ವಚನ ಓದಿ ಪುಸ್ತಕವನ್ನು ಅವರ ಕಡೆ ತಿರುಗಿಸಿ ಕಾಯುತ್ತಿದ್ದೆ. ಅವರ ತುಟಿ ಅಲುಗುತ್ತಿತ್ತು. ಒಂದು ಸಂಜೆ ಅಲುಗಲಿಲ್ಲ. ನಾನು ಕಾದೆ. ಅವರ ವಚನವನ್ನು ನಾನು ಓದಲಿಲ್ಲ. ಹೆಬ್ಬೆರಳು ತೋರುಬೆರಳಿನ ಮೇಲೆ ಒಮ್ಮೆ ಸರಿಯಿತು. ಅವರು ಹೋದದ್ದು ಅದರ ಮರುದಿನ ಬೆಳಿಗ್ಗೆ.

ಸಮಾಧಿಯ ಬಳಿ ನಾನು ಗೇಟು ದಾಟಿ ಒಳಗೆ ಹೋದೆ. ಮುರಕಲ್ಲಿನ ನೆಲದಲ್ಲಿ ಗುಂಡಿ ಪೆಟ್ಟಿಗೆಯ ಹಾಗೆ ಚೌಕವಾಗಿ, ಕೆಂಪಗೆ ತೆರೆದಿತ್ತು. ಸುರಂಗದ ಗೋಡೆಯ ಬಣ್ಣ, ಅದೇ ತಣ್ಣಗಿನ ವಾಸನೆ. ಅಮ್ಮ ನನ್ನ ತೋಳು ಹಿಡಿದಿದ್ದಳು. ಸಭಾಪಾಲಕರು ಮಣ್ಣಿನಿಂದ ಬಂದವರು ಮಣ್ಣಿಗೆ ಎಂದು ಹೇಳಿ ಮೊದಲ ಹಿಡಿ ಹಾಕಿದರು. ಸದ್ದು ಬಂತು. ಗೋಣಿಯಿಂದ ಅಕ್ಕಿ. ಎಲ್ಲರ ಕಣ್ಣು ಮುಂದೆ ಯಾರು ಎಂದು ಹುಡುಕುತ್ತಿತ್ತು. ಯಾರೂ ಕರೆಯದಿದ್ದರೂ ಈಗ ನನ್ನದೇ ಎಂದು ನನಗೆ ಗೊತ್ತಿತ್ತು. ಬಗ್ಗಿದೆ. ಬಲಗೈಯಲ್ಲಿ ಹಿಡಿ ತುಂಬ ಮಣ್ಣು ತೆಗೆದುಕೊಂಡೆ. ಸುರಂಗದ ಆ ದಿನದಿಂದ ಮುಚ್ಚಿಕೊಂಡೇ ಇದ್ದಂತಿದ್ದ ಕೈಯನ್ನು ಗುಂಡಿಯ ಮೇಲೆ ಚಾಚಿ ಬಿಚ್ಚಿದೆ. ಸದ್ದನ್ನು ಕೊನೆಯವರೆಗೆ ಕೇಳಿದೆ. ಅಲ್ಲೇ ನಿಂತಿದ್ದೆ.

ಮನೆಗೆ ಬಂದು ಬಟ್ಟೆಯೂ ಬದಲಿಸದೆ ಒಳಗಿನ ಕೋಣೆಯ ಮಂಚದಲ್ಲಿ ಅಡ್ಡಾದೆ. ಲೈಟು ಉರಿಯುತ್ತಿತ್ತು. ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲು ಇತ್ತು, ಹಾಲಿನವನು ಬಂದು ಹೋಗಿದ್ದ. ಅಮ್ಮ ಬಾಗಿಲ ಬಳಿ ನೆಲದಲ್ಲಿ ಕೂತಿದ್ದಳು, ನಿದ್ದೆಗೆಟ್ಟ ಕಣ್ಣು. ನನ್ನ ಉಗುರಿನ ಅಡಿಯಲ್ಲಿ ಕೆಂಪು ಮಣ್ಣು ಹಾಗೇ ಇತ್ತು. ಮೇಲೆ ನೋಡಿದೆ. ಬಲ್ಬು ಆರಿತ್ತು. ಕರೆಂಟು ಹೋಗಿತ್ತಾ ಎಂದು ಕೇಳಿದೆ.

"ಇಲ್ಲ" ಅಂದಳು ಅಮ್ಮ. "ರಾತ್ರಿ ನಾನೇ ಆರಿಸಿದ್ದು. ನೀನು ಏಳ್ಲಿಲ್ಲ."